ಮುಂಗೋಳಿಯ ಹೊತ್ತು: ಮುದ್ದಣನ ಕಾಲಪ್ರಜ್ಞೆ ಮತ್ತು ಔಚಿತ್ಯವಿವೇಕ

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಪದ, ವಾಕ್ಯ, ಗುಣ, ಅಲಂಕಾರ, ರಸಗಳಿಂದ ಮೊದಲ್ಗೊಂಡು ದೇಶಕಾಲಗಳವರೆಗೆ ಔಚಿತ್ಯದ ನೆಲೆಗಳನ್ನು ಎಣಿಸಿ ತೋರಿಸಿದ್ದಾನೆ. ಅವನ ವಿಚಾರವೆಲ್ಲ ಕೃತಿಯ ಒಳಗಿನ ಔಚಿತ್ಯಕ್ಕೆ ಸಂಬಂಧಿಸಿದುದು. ಕವಿಯು ಯಾವ ಹೊತ್ತಿನಲ್ಲಿ ಯಾವ ಬಗೆಯ ಕೃತಿಗೆ ಕೈಹಾಕುತ್ತಾನೆ, ಅದನ್ನು ಯಾರ ಮುಂದೆ ಇಡುತ್ತಾನೆ, ಯಾವ ಹೆಸರಿನಲ್ಲಿ ಇಡುತ್ತಾನೆ ಎಂಬ ಪ್ರಶ್ನೆಗಳು ಆ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಆಸ್ಥಾನವೇ ಕವಿಗೆ ಆಶ್ರಯವೂ ಓದುಗವೃಂದವೂ ಆಗಿದ್ದ ಕಾಲದಲ್ಲಿ ಅಂಥ ಪ್ರಶ್ನೆಗಳು ಏಳುವ ಸಂಭವವೂ ಕಡಿಮೆಯೇ. ಅಚ್ಚುಕೂಟ, ಮಾಸಪತ್ರಿಕೆ ಮತ್ತು ಅಂಚೆ ಈ ಮೂರೂ ಬಂದ ಮೇಲೆ ಮಾತ್ರ ಅವು ಕವಿಯ ಬಾಳಿನ ನಿರ್ಣಾಯಕ ಪ್ರಶ್ನೆಗಳಾದವು. ಕನ್ನಡದಲ್ಲಿ ಈ ಪ್ರಶ್ನೆಗಳನ್ನು ಮೊದಲಿಗೆ ಎದುರಿಸಿ, ಅವುಗಳಿಗೆ ತನ್ನದೇ ಆದ ಉತ್ತರವನ್ನು ಕಂಡುಕೊಂಡವರಲ್ಲಿ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅರ್ಥಾತ್ ಮುದ್ದಣ, ಪ್ರಮುಖನು. ಅವನ ಪ್ರತಿಭೆಯನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಆ ಪ್ರತಿಭೆಯನ್ನು ಹೊತ್ತರಿತು ಬಳಸಿದ ವಿವೇಕವನ್ನು, ಆ ವಿವೇಕಕ್ಕೆ ಅವನು ತೆತ್ತ ಬೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಪುವಿನಿಂದ ತೆಂಕಕ್ಕೆ ಸಾಗಿದರೆ ಪಡುಬಿದ್ರಿ. ಅಲ್ಲಿಂದ ಮೂಡಕ್ಕೆ ತಿರುಗಿ ಕಾರ್ಕಳದತ್ತ ಹೋಗುವ ದಾರಿಯಲ್ಲಿ ಬೆಳ್ಮಣ್ಣು. ಅದರ ನೆರೆಯ ಊರು ನಂದಳಿಕೆ. 1870ರ ಜನವರಿ 24ರಂದು ಇಲ್ಲಿ ಪಾಠಾಳಿ ತಿಮ್ಮಪ್ಪಯ್ಯ ಮತ್ತು ಮಹಾಲಕ್ಷ್ಮಮ್ಮ ದಂಪತಿಗಳಿಗೆ ಲಕ್ಷ್ಮೀನಾರಣಪ್ಪನ ಜನನವಾಯಿತು. ಮನೆಯ ಬಡತನದಿಂದ ಓದು ಕ್ರಮವಾಗಿ ಸಾಗಲಿಲ್ಲ. ಹೊಟ್ಟೆಪಾಡಿಗಾಗಿ ಉಡುಪಿಯನ್ನು ಸೇರಿ, ಮದರಾಸಿನಲ್ಲಿ ಅಂಗಸಾಧನೆಯ ತರಬೇತಿ ಪಡೆದು, ವ್ಯಾಯಾಮ ಶಿಕ್ಷಕನಾಗಿ ವೃತ್ತಿಯನ್ನು ಆರಂಭಿಸಿದನು. ಮುಂದೆ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಕನ್ನಡದ ಅಧ್ಯಾಪಕನಾದನು. ಮಳಲಿ ಸುಬ್ಬರಾಯರ ಒಡನಾಟದಲ್ಲಿ ಹಳಗನ್ನಡ ಕಾವ್ಯಗಳ ವ್ಯಾಸಂಗ ನಡೆಯಿತು. ಪದವಿಯಿಲ್ಲದ, ಆಸ್ಥಾನದ ನಂಟಿಲ್ಲದ, ಹುಡುಗರಿಗೆ ಕಸರತ್ತು ಕಲಿಸುವ ಇಪ್ಪತ್ತೈದರ ಹರೆಯದ ಒಬ್ಬ ಶಿಕ್ಷಕನು ಹಳಗನ್ನಡದಲ್ಲಿ ಕಾವ್ಯ ಬರೆದಿದ್ದೇನೆಂದು ಮುಂದೆ ಬಂದಿದ್ದರೆ ಅಂದಿನ ವಿದ್ವದ್ವಲಯ ಹೇಗೆ ಪ್ರತಿಕ್ರಿಯಿಸುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ವಲಯದಲ್ಲಿ ಆಗ ಏನು ನಡೆಯುತ್ತಿತ್ತೆಂಬುದನ್ನು ಗಮನಿಸದೆ ಮುದ್ದಣನ ನಡೆ ಅರ್ಥವಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂರು ದಶಕಗಳು ಕನ್ನಡದ ಮಟ್ಟಿಗೆ ಓಲೆಗರಿಗಳು ಮುದ್ರಣಕ್ಕೆ ಇಳಿದ ಕಾಲ. ಕಿಟ್ಟೆಲ್ಲರು ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ವು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅವರ ಮಹತ್ತ್ವದ ನಿಘಂಟು 1894ರಲ್ಲಿ ಅಲ್ಲಿಂದಲೇ ಹೊರಬಂದಿತು. ಬಿ.ಎಲ್. ರೈಸರ ಸಂಪಾದನೆಯಲ್ಲಿ ಭಟ್ಟಾಕಳಂಕನ ‘ಶಬ್ದಾನುಶಾಸನ’ 1890ರಲ್ಲಿಯೂ, ಪಂಪನ ಭಾರತ 1898ರಲ್ಲಿಯೂ ಪ್ರಕಟವಾದವು. ‘ಕವಿರಾಜಮಾರ್ಗ’ವನ್ನು ಕೆ.ಬಿ. ಪಾಠಕರು ಅದೇ 1898ರಲ್ಲಿ ಬೆಳಕಿಗೆ ತಂದರು. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು ‘ಕರ್ಣಾಟಕ ಕಾವ್ಯಮಂಜರಿ’ಯ ಮೂಲಕ ಪ್ರಾಚೀನ ಕಾವ್ಯಗಳನ್ನು ಕಂತುಕಂತಾಗಿ ಅಚ್ಚುಹಾಕುತ್ತಿದ್ದರು, ಆ ಕಾರ್ಯ ಮುಂದೆ ‘ಕರ್ಣಾಟಕ ಕಾವ್ಯಕಲಾನಿಧಿ’ಯಲ್ಲಿ ಮುಂದುವರಿಯಿತು. ಹೊಸ ಪ್ರತಿಯೊಂದು ಸಿಕ್ಕಿತೆಂದರೆ ಸಂಭ್ರಮಪಡುವ, ಅಜ್ಞಾತ ಕವಿಯೊಬ್ಬನ ಹೆಸರು ಕೇಳಿದರೆ ಕಿವಿ ನಿಮಿರುವ ಓದುಗವರ್ಗವೊಂದು ಹೀಗೆ ರೂಪುಗೊಂಡಿತ್ತು. ಯಾವ ಕವಿ ಯಾವ ಕಾಲದವನೆಂಬ ಲೆಕ್ಕವಾದರೋ ಇನ್ನೂ ಗಟ್ಟಿಯಾಗಿರಲಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ಹಳೆಯದಕ್ಕೆ ಬೇಡಿಕೆ ಹುಟ್ಟಿದೆ, ಹಳೆಯದನ್ನು ಒರೆಹಚ್ಚುವ ಸಾಧನ ಇನ್ನೂ ಸಿದ್ಧವಾಗಿಲ್ಲ. ಇವೆರಡರ ನಡುವಿನ ಹದಿನೈದು ಇಪ್ಪತ್ತು ವರ್ಷಗಳ ಸಂದಿನಲ್ಲಿ ಮುದ್ದಣನ ಸಮಗ್ರ ಸಾಹಿತ್ಯ ಜೀವನವೇ ನಡೆದುಹೋಯಿತು.

‘ಅದ್ಭುತ ರಾಮಾಯಣ’ವೆಂಬ ಗದ್ಯಕೃತಿಯನ್ನು ಅವನು ಮೈಸೂರಿಗೆ ಕಳುಹಿಸಿದ್ದು ಪ್ರಾಚೀನ ಕವಿಯೊಬ್ಬನ ರಚನೆ ಎಂಬಂತೆ. ತಾನು ಅದನ್ನು ಒದಗಿಸಿಕೊಟ್ಟವನು ಮಾತ್ರ. 1890ರ ದಶಕದ ನಡುವಿನಲ್ಲಿ ಅದು ‘ಕಾವ್ಯಮಂಜರಿ’ಯಲ್ಲಿ ಪ್ರಕಟವಾಯಿತು. ಅನಂತರ ವಾರ್ಧಕ ಷಟ್ಪದಿಯ ‘ಶ್ರೀರಾಮಪಟ್ಟಾಭಿಷೇಕ’; ಇದರ ಕರ್ತೃತ್ವ ‘ಮಹಾಲಕ್ಷ್ಮಿ’ಯದು. ತಾಯಿಯ ಹೆಸರನ್ನೇ ಕವಿಯ ಹೆಸರಾಗಿ ಇಟ್ಟ ಈ ಕ್ರಮದಲ್ಲಿ ಮಾತೃಭಕ್ತಿ ಎಷ್ಟಿದೆಯೋ ಜಾಣ್ಮೆಯೂ ಅಷ್ಟೇ ಇದೆ. ಕೊನೆಗೆ ‘ಕಾವ್ಯಕಲಾನಿಧಿ’ಯಲ್ಲಿ ‘ಶ್ರೀರಾಮಾಶ್ವಮೇಧ’. ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಶಿಕ್ಷಕನೊಬ್ಬನು ತನ್ನ ಬರಹವನ್ನು ಘಟ್ಟದ ಮೇಲಿನ ಮೈಸೂರು ಸಂಸ್ಥಾನಕ್ಕೆ ಅಂಚೆಯಲ್ಲಿ ಕಳುಹಿಸುತ್ತಿದ್ದನೆಂಬುದನ್ನು ನೆನಪಿಡಬೇಕು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ದೂರವು ಇಲ್ಲಿ ಅಡ್ಡಿಯಾಗದೆ ಅನುಕೂಲವೇ ಆಯಿತು. ಉಡುಪಿಯ ರಥಬೀದಿಯಲ್ಲಿ ದಿನವೂ ಕಾಣಸಿಗುವ ಮೇಷ್ಟ್ರು ಪ್ರಾಚೀನ ಕವಿಯಾಗುವುದು ಸಾಧ್ಯವಿರಲಿಲ್ಲ. ಮೈಸೂರಿನ ಸಂಪಾದಕರಿಗಾದರೆ ಉಡುಪಿಯು ಓಲೆಗರಿಗಳು ಹುದುಗಿರಬಹುದಾದ ಮಠಮಂದಿರಗಳ ಊರು.

ಈ ಮರೆಮಾಚುವಿಕೆಯನ್ನು ಸಂಕೋಚವೆಂದು ವಿವರಿಸಿದವರಿದ್ದಾರೆ, ವಿನೋದವೆಂದು ಬಗೆದವರೂ ಇದ್ದಾರೆ. ಎರಡೂ ಪೂರ್ಣ ಸತ್ಯವೆನಿಸುವುದಿಲ್ಲ. ಸಂಕೋಚದ ಸ್ವಭಾವದವನು ಬರೆದುದನ್ನು ಪೆಟ್ಟಿಗೆಯಲ್ಲಿ ಇಡುತ್ತಾನೆಯೇ ಹೊರತು ನಾಡಿನ ಮುಖ್ಯ ಕಾವ್ಯಮಾಲಿಕೆಗೆ ಒಂದರ ಮೇಲೊಂದರಂತೆ ಕಳುಹಿಸುವುದಿಲ್ಲ. ಇನ್ನು ವಿನೋದಕ್ಕಾಗಿ ಯಾರೂ ಆಯುಷ್ಯದ ಕೊನೆಯವರೆಗೆ ಬಾಯಿ ಬಿಗಿಹಿಡಿಯುವುದಿಲ್ಲ. ತನ್ನ ಕೃತಿಯನ್ನು ತನ್ನ ಸ್ಥಾನಮಾನದಿಂದ ಬೇರ್ಪಡಿಸಿ ಓದಿಸಬೇಕೆಂಬ ನಿರ್ಧಾರ ಇದರ ಹಿಂದೆ ಇದ್ದಂತೆ ತೋರುತ್ತದೆ. ಇಂಗ್ಲೆಂಡಿನ ಥಾಮಸ್ ಚಾಟರ್ಟನ್ನನ ಕಥೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ತಾನೇ ಬರೆದ ಕವಿತೆಗಳನ್ನು ಹದಿನೈದನೆಯ ಶತಮಾನದ ಥಾಮಸ್ ರೌಲಿ ಎಂಬ ಸನ್ಯಾಸಿಯ ರಚನೆಗಳೆಂದು ಹೇಳಿದ ಆ ಹುಡುಗ 1770ರಲ್ಲಿ, ಹದಿನೇಳರ ಹರೆಯದಲ್ಲಿ ತೀರಿಕೊಂಡನು; ಸರಿಯಾಗಿ ನೂರು ವರ್ಷಗಳ ಬಳಿಕ ಮುದ್ದಣ ಹುಟ್ಟಿದನು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಚಾಟರ್ಟನ್ನನಿಗೆ ಹಳೆಯ ಕಾಲವೇ ವಸ್ತು, ಹಳೆಯ ಕಾಗದವೇ ಸಾಕ್ಷ್ಯ. ಮುದ್ದಣನಿಗೆ ಹಳಮೆಯು ಒಳಕ್ಕೆ ಪ್ರವೇಶಿಸುವ ಬಾಗಿಲು ಮಾತ್ರ. ಒಳಗೆ ಬಂದ ಮೇಲೆ ಅವನು ಮಾಡಿದ ಕೆಲಸ ಯಾವ ಹಳೆಯ ಕವಿಯೂ ಮಾಡದಿದ್ದ ಕೆಲಸ.

‘ರಾಮಾಶ್ವಮೇಧ’ದ ಕಥೆ ಪದ್ಮಪುರಾಣದ ಪಾತಾಳಖಂಡದಿಂದ ಬಂದುದು. ಆದರೆ ಕನ್ನಡ ಓದುಗರ ಮನಸ್ಸಿನಲ್ಲಿ ಉಳಿದದ್ದು ಯಾಗದ ಕುದುರೆಯಲ್ಲ; ಕಥೆ ಹೇಳುವ ಮುದ್ದಣ ಮತ್ತು ಕೇಳುವ ಮನೋರಮೆ. ಮಳೆಗಾಲದ ವರ್ಣನೆಯೊಂದಿಗೆ ಕಥೆಯ ಚೌಕಟ್ಟು ತೆರೆದುಕೊಳ್ಳುತ್ತದೆ. ಅರಮನೆಯಿಂದ ಮನೆಗೆ ಮರಳಿದ ಗಂಡನನ್ನು ಉಪಚರಿಸಿ, ಹೊತ್ತು ಕಳೆಯಲು ಒಂದು ಒಳ್ಳೆಯ ಕಥೆ ಹೇಳಬೇಕೆಂದು ಹೆಂಡತಿ ಕೇಳುತ್ತಾಳೆ. ಯಾವ ಕಥೆ, ಯಾವ ರೂಪದಲ್ಲಿ, ಯಾವ ಭಾಷೆಯಲ್ಲಿ ಎಂಬುದೆಲ್ಲ ಇಬ್ಬರ ನಡುವೆ ಚರ್ಚೆಯಾಗುತ್ತದೆ. ಪದ್ಯ ಬೇಡ, ಗದ್ಯವೇ ಇರಲಿ ಎಂಬ ನಿರ್ಣಯ ಅವಳದು. ಸಂಸ್ಕೃತದ ಬಿಗಿಯಲ್ಲಿ ಮಾತು ಆರಂಭವಾದರೆ ತನಗೆ ತಿಳಿಯುವ ಕನ್ನಡದಲ್ಲಿ ಹೇಳೆಂದು ತಡೆಯುವವಳೂ ಅವಳೇ. ಕಾವ್ಯಮೀಮಾಂಸೆಯ ದೊಡ್ಡ ಪ್ರಶ್ನೆಗಳನ್ನು ಪಂಡಿತರ ಸಭೆಯಿಂದ ತೆಗೆದು ಮನೆಯ ಜಗಲಿಗೆ ತಂದು, ತೀರ್ಪು ಹೇಳುವ ಅಧಿಕಾರವನ್ನು ಕೇಳುಗಳ ಕೈಗೆ ಕೊಟ್ಟ ಈ ಕಲ್ಪನೆ ಎಷ್ಟು ಹೊಸದೆಂಬುದು ಇಂದು ಪಠ್ಯಪುಸ್ತಕದ ಪರಿಚಯದಿಂದಾಗಿ ಮಸುಕಾಗಿದೆ. ಮನೋರಮೆಯ ಚಿತ್ರದಲ್ಲಿ ಕವಿಪತ್ನಿ ಕಮಲಾಬಾಯಿಯ ನೆರಳನ್ನು ಕಾಣುವುದು ರೂಢಿ. ಅದಿರಬಹುದು, ಆದರೆ ಅವಳು ಅದಕ್ಕಿಂತ ಮಿಗಿಲಾಗಿ ಬರಲಿರುವ ಓದುಗಳು. ಪಂಡಿತಳಲ್ಲ, ಆದರೆ ಅಭಿರುಚಿಯುಳ್ಳವಳು, ಬೇಸರವಾದರೆ ಬೇಸರವೆನ್ನುವವಳು.

ಗದ್ಯದ ಆಯ್ಕೆಯಲ್ಲಿರುವ ಧೈರ್ಯವನ್ನು ಅಳೆಯಲು ಒಂದು ಸಂಗತಿ ಸಾಕು. ಹಳಗನ್ನಡ ಗದ್ಯದ ಅತ್ಯುತ್ತಮ ಮಾದರಿಯೆಂದು ಇಂದು ಎಲ್ಲರೂ ಒಪ್ಪುವ ‘ವಡ್ಡಾರಾಧನೆ’ ಆಗ ಮುದ್ರಣಗೊಂಡಿರಲಿಲ್ಲ, ಡಿ.ಎಲ್. ನರಸಿಂಹಾಚಾರ್ಯರ ಪ್ರಸಿದ್ಧ ಆವೃತ್ತಿ ಹೊರಬಂದದ್ದು 1949ರಲ್ಲಿ. ಅಚ್ಚಾಗಿ ಓದುಗರ ಕೈಸೇರುತ್ತಿದ್ದುದು ಬಹುಮಟ್ಟಿಗೆ ಚಂಪೂ ಮತ್ತು ಷಟ್ಪದಿಗಳು. ಹಳೆಯ ಕವಿಯ ವೇಷ ಧರಿಸಬೇಕೆಂದಷ್ಟೇ ಮುದ್ದಣ ಬಯಸಿದ್ದರೆ ಚಂಪುವೇ ಸುರಕ್ಷಿತವಾದ ದಾರಿಯಾಗಿತ್ತು. ಷಟ್ಪದಿಯನ್ನು ಸಲೀಸಾಗಿ ಬರೆಯಬಲ್ಲೆನೆಂದು ‘ಪಟ್ಟಾಭಿಷೇಕ’ದಲ್ಲಿ ತೋರಿಸಿದ ಮೇಲೂ ಅವನು ಗದ್ಯಕ್ಕೆ ಮರಳಿದನು. ಈ ಮರಳುವಿಕೆಯೇ ಅವನ ಸಾಹಿತ್ಯ ಜೀವನದ ಮುಖ್ಯ ಘಟನೆ. ಮುಂದಿನ ಶತಮಾನ ಗದ್ಯದ್ದೆಂದು ಅವನು ಮೊದಲೇ ಕಂಡಿದ್ದನೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ತನಗೆ ಎಟುಕುವ ಪದ್ಯಕ್ಕಿಂತ ತನ್ನ ಕಾಲ ಕೇಳುವ ಗದ್ಯ ಹೆಚ್ಚಿನದೆಂದು ಬಗೆದಿದ್ದನೆಂಬಷ್ಟು ಮಾತ್ರ ಕೃತಿಗಳ ಸಾಲಿನಿಂದಲೇ ಸಿದ್ಧವಾಗುತ್ತದೆ. ಅವನ ಹಳಗನ್ನಡದಲ್ಲಿ ವ್ಯಾಕರಣ ನಿಯಮಕ್ಕೆ ಒಗ್ಗದ ರೂಪಗಳೂ ಸ್ವಂತ ಟಂಕಿಸಿದ ಪದಗಳೂ ಹೇರಳವಾಗಿವೆಯೆಂದು ವಿದ್ವಾಂಸರು ಎಣಿಸಿ ತೋರಿಸಿದ್ದಾರೆ. ದೋಷವೆಂದು ಎಣಿಸುವುದಾದರೆ ಎಣಿಸಬಹುದು. ವೇಷ ಹಳೆಯದಾದರೂ ನಡೆ ಹೊಸದಾಗಿತ್ತೆಂಬುದಕ್ಕೆ ಆ ಪದಗಳೇ ಸಾಕ್ಷಿ.

ಈ ಹೊತ್ತರಿವು ಅವನಿಗೆ ಎಲ್ಲಿಂದ ಬಂದಿತು? ಓಲೆಗರಿಗಳಿಂದ ಬಂದಿರಲಾರದು. ಗದ್ಯಕಾವ್ಯಗಳಿಗೆ ಕೈಹಾಕುವ ಮುನ್ನ ಮುದ್ದಣ ಯಕ್ಷಗಾನ ಪ್ರಸಂಗಕರ್ತನಾಗಿದ್ದನೆಂಬುದನ್ನು ಅವನ ಕುರಿತ ಚರ್ಚೆಗಳು ಹೆಚ್ಚಾಗಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರವಿಜಯ’ ಅವನ ಎರಡು ಪ್ರಸಂಗಗಳು. ಪ್ರಸಂಗರಚನೆಯು ಕವಿಗೆ ಕಲಿಸುವ ಪಾಠ ಬೇರೆ ಬಗೆಯದು. ಪ್ರಸಂಗದ ಪದ್ಯ ಸ್ವಯಂಪೂರ್ಣವಾಗಿರಕೂಡದು. ಭಾಗವತನು ಅದನ್ನು ಹಾಡಿದ ಮೇಲೆ ಪಾತ್ರಧಾರಿಯು ಅದಕ್ಕೆ ಅರ್ಥ ಹೇಳಬೇಕು. ಆ ಮಾತು ಆ ಕ್ಷಣದಲ್ಲೇ ಹುಟ್ಟತಕ್ಕದ್ದು. ಕವಿ ಎಲ್ಲವನ್ನೂ ತಾನೇ ಹೇಳಿಬಿಟ್ಟರೆ ಅರ್ಥಧಾರಿಗೆ ಉಳಿಯುವುದೇನೂ ಇಲ್ಲ. ತೀರ ಕಡಿಮೆ ಹೇಳಿದರೆ ಕಥೆ ಕುಸಿಯುತ್ತದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಾಳ ಬದಲಿಸಬೇಕು, ರಾತ್ರಿಯ ಯಾವ ಜಾವಕ್ಕೆ ಶೃಂಗಾರ, ಯಾವ ಜಾವಕ್ಕೆ ಯುದ್ಧ ಎಂಬ ಲೆಕ್ಕ ರಚನೆಯ ಹೊತ್ತಿನಲ್ಲೇ ಇರಬೇಕಾಗುತ್ತದೆ. ಸಂಜೆ ಚೌಕಿಪೂಜೆಯಿಂದ ತೊಡಗಿ ಬೆಳಗಿನ ಮಂಗಳದವರೆಗಿನ ಆಟದಲ್ಲಿ ಸಭೆ ತೂಕಡಿಸುವ ಹೊತ್ತು ಯಾವುದೆಂದು ಅರಿಯದ ಭಾಗವತನ ಕಂಠ ಎಷ್ಟು ಸೊಗಸಾಗಿದ್ದರೂ ಆಟ ಏರುವುದಿಲ್ಲ.

ಮನೋರಮೆಯ ನಡುಮಾತುಗಳನ್ನು ಈ ಬೆಳಕಿನಲ್ಲಿ ಓದಿದರೆ ಅವುಗಳ ಕೆಲಸ ಸ್ಪಷ್ಟವಾಗುತ್ತದೆ. ವರ್ಣನೆ ಉದ್ದವಾಗಿ ಕೇಳುವವರ ಗಮನ ಸಡಿಲಗೊಳ್ಳುವಂತಿರುವಾಗ ಅವಳ ಪ್ರಶ್ನೆಯೋ ಚುಚ್ಚುಮಾತೋ ಬರುತ್ತದೆ. ಸರಸ ಮುಗಿಯುತ್ತಲೇ ಕಥೆ ಹೊಸ ಉಸಿರಿನಿಂದ ಮುಂದುವರಿಯುತ್ತದೆ. ತಾಳಮದ್ದಳೆಯಲ್ಲಿ ಇದಿರು ಅರ್ಥಧಾರಿಯು ಮಾತನ್ನು ಕತ್ತರಿಸಿ ಚರ್ಚೆಗೆ ಎಳೆಯುವ ಕ್ರಮಕ್ಕೂ ಇದಕ್ಕೂ ಇರುವ ನಂಟು ಕರಾವಳಿಯ ಓದುಗರಿಗೆ ವಿವರಿಸಬೇಕಾದುದಲ್ಲ. ಮಳೆಗಾಲದ ಆಯ್ಕೆಯೂ ಕಾಕತಾಳೀಯವೆನಿಸುವುದಿಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ತಿಂಗಳುಗಳಲ್ಲಿ ಬಯಲಿನ ಆಟವಿಲ್ಲ. ಪುರಾಣವಾಚನ, ತಾಳಮದ್ದಳೆಗಳು ಮಾಡಿನ ಕೆಳಗೆ ನಡೆಯುತ್ತವೆ. ಹೊರಗೆ ಜಡಿಮಳೆ, ಒಳಗೆ ಕಥೆ. ನಂದಳಿಕೆ ಉಡುಪಿಗಳಲ್ಲಿ ಬೆಳೆದವನಿಗೆ ಕಥೆ ಹೇಳಲು ತಕ್ಕ ಹೊತ್ತು ಇದಲ್ಲದೆ ಮತ್ತೊಂದಿರಲಿಲ್ಲ. ಕಲ್ಪಿತ ಅರಮನೆಯ ಕವಿಯ ಮನೆಯಲ್ಲಿ ಸುರಿಯುವುದು ತುಳುನಾಡಿನ ಮಳೆಯೇ.

ಮುದ್ದಣನ ಆಯ್ಕೆಯೊಂದೇ ಅಂದಿನ ಕರಾವಳಿಗೆ ತೆರೆದಿದ್ದ ದಾರಿಯಲ್ಲವೆಂಬುದನ್ನೂ ಹೇಳಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ವಿಧವೆಯ ಬಾಳು, ಶಿಕ್ಷಣ, ಪುನರ್ವಿವಾಹಗಳನ್ನು ಕುರಿತ ಆ ಕಾದಂಬರಿ ಲೇಖಕನ ಹೆಸರನ್ನಾಗಲಿ ಉದ್ದೇಶವನ್ನಾಗಲಿ ಮುಚ್ಚಿಡಲಿಲ್ಲ. ಒಂದೇ ಜಿಲ್ಲೆ, ಒಂದೇ ದಶಕ. ಒಬ್ಬರು ಹೊಸ ವಸ್ತುವನ್ನು ಹೊಸ ರೂಪದಲ್ಲಿ ನೇರವಾಗಿ ಮುಂದಿಟ್ಟರು, ಇನ್ನೊಬ್ಬನು ಹೊಸ ದೃಷ್ಟಿಯನ್ನು ಹಳೆಯ ಭಾಷೆಯಲ್ಲಿ ಹುದುಗಿಸಿ ಕಳುಹಿಸಿದನು. ಸಮಾಜವನ್ನು ತಿದ್ದಹೊರಟ ಕೃತಿಗೆ ನೇರ ನುಡಿ ತಕ್ಕದ್ದೇ ಆಗಿತ್ತು. ಅಭಿರುಚಿಯನ್ನು ತಿದ್ದಹೊರಟವನಿಗೆ ಮೊದಲು ಅಭಿರುಚಿಯ ಕಾವಲುಗಾರರ ಒಪ್ಪಿಗೆ ಬೇಕಿತ್ತು. ಮುದ್ದಣನೂ ‘ಗೋದಾವರಿ’ಯೆಂಬ ಕಾದಂಬರಿಯನ್ನು ಬರೆಯತೊಡಗಿದ್ದನೆಂಬ ಹೇಳಿಕೆಯಿದೆ, ಅದು ಉಳಿದುಬಂದಿಲ್ಲ. ಉಳಿದಿದ್ದರೆ ಮರೆಯ ಕವಿ ಮರೆಯಿಂದ ಹೊರಬರುವ ಹಂತವನ್ನು ಕಾಣಬಹುದಾಗಿತ್ತೇನೋ.

ಏಕೆಂದರೆ ಮರೆಯಲ್ಲಿರುವ ಹೊತ್ತಿನಂತೆಯೇ ಹೊರಬರುವ ಹೊತ್ತು ಎಂಬುದೂ ಒಂದುಂಟು. ಅದು ಮುದ್ದಣನಿಗೆ ಒದಗಲಿಲ್ಲ. 1900ರಲ್ಲಿ ಬೆನಗಲ್ ರಾಮರಾಯರು ಮಂಗಳೂರಿನಿಂದ ‘ಸುವಾಸಿನಿ’ಯನ್ನು ಹೊರಡಿಸಿದಾಗ ಕರಾವಳಿಯ ಬರಹಗಾರರಿಗೆ ತಮ್ಮದೇ ಆದ ವೇದಿಕೆಯೊಂದು ದೊರೆಯಿತು. ಕಾವ್ಯಮಾಲೆಗಳ ಹಳಮೆಯ ಹಂಗು ಇನ್ನು ಬೇಕಿಲ್ಲವೆನ್ನುವ ಕಾಲ ಹತ್ತಿರವಾಗಿತ್ತು. ಅಷ್ಟರಲ್ಲಿ ಅವನ ದೇಹವನ್ನು ಕ್ಷಯ ಹಿಡಿದಿತ್ತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದು ತುಂಬಿದ ಕೆಲವೇ ವಾರಗಳಲ್ಲಿ, ಅವನು ತೀರಿಕೊಂಡನು. ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ ಅದೇ ವರ್ಷ. ತನ್ನ ಗದ್ಯವನ್ನು ಮೆಚ್ಚಿದವರು ಮೆಚ್ಚುತ್ತಿರುವುದು ತನ್ನನ್ನೇ ಎಂದು ತಿಳಿಯುವ ದಿನವನ್ನು ಅವನು ಕಾಣಲಿಲ್ಲ. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಎಂಬುದು ಪಂಜೆ ಮಂಗೇಶರಾಯರೇ ಮೊದಲಾದವರ ಪ್ರಯತ್ನದಿಂದ ನಾಡಿಗೆ ಮನವರಿಕೆಯಾದದ್ದು ಅವನ ಮರಣಾನಂತರ.

ಇಲ್ಲೊಂದು ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಆ ವಿವೇಕ ಅಷ್ಟೊಂದು ಬೆಲೆ ಬಾಳುತ್ತಿತ್ತೇ? ಹೆಸರು ಹೇಳಿಕೊಂಡಿದ್ದರೆ ಮೈಸೂರಿನ ಪೋಷಣೆಯೋ ಕನಿಷ್ಠ ಪಕ್ಷ ಸನ್ಮಾನವೋ ದೊರೆಯುತ್ತಿತ್ತು, ಬಡತನದ ಬವಣೆ ಕೊಂಚ ತಗ್ಗುತ್ತಿತ್ತು ಎಂದು ಮರುಗುವವರಿದ್ದಾರೆ. ಮರುಕ ಸಹಜ, ಆದರೆ ಈ ತರ್ಕ ತಿರುಗುಮುರುಗಾದುದು. ಹೆಸರು ಹೇಳಿಕೊಂಡಿದ್ದರೆ ಮೊದಲ ಕೃತಿಯೇ ‘ಕಾವ್ಯಮಂಜರಿ’ಯ ಪುಟಗಳನ್ನು ಕಾಣುತ್ತಿರಲಿಲ್ಲ, ಅದು ಇದ್ದದ್ದೇ ಪ್ರಾಚೀನ ಕೃತಿಗಳಿಗಾಗಿ. ಮೊದಲನೆಯದು ಅಚ್ಚಾಗದಿದ್ದರೆ ಮೂರನೆಯದು ಬರೆಯಲ್ಪಡುತ್ತಿತ್ತೆಂದು ಹೇಳಲಾಗದು. ಅವನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಆಯುಷ್ಯದ ಲೆಕ್ಕ, ಅದು ಕವಿಯ ಕೈಯಲ್ಲಿರುವುದಲ್ಲ. ಇನ್ನು ಹತ್ತು ವರ್ಷ ಬದುಕಿದ್ದರೆ ಇದೇ ಗುಟ್ಟು ತುಂಬ ಹದವಾದ ನಡೆಯೆಂದು ಎಲ್ಲರ ಹೊಗಳಿಕೆಗೆ ಪಾತ್ರವಾಗುತ್ತಿತ್ತು.

ವಿಮರ್ಶಕರು ಅವನನ್ನು ಹೊಸಗನ್ನಡದ ‘ಮುಂಗೋಳಿ’ ಎಂದು ಕರೆದಿದ್ದಾರೆ. ಹೆಸರು ಅಂಟಿಕೊಂಡಿತು. ಹೊಗಳಿಕೆಯಾಗಿಯೇ ಬಳಕೆಯಾಗುವ ಈ ಮಾತಿನಲ್ಲಿ ಬೆಳಗಾಗುವ ಮೊದಲೇ ಕೂಗಿದನೆಂಬ ಧ್ವನಿ ಇದೆ. ಕೋಳಿಗೂಡಿನ ಪರಿಚಯವಿದ್ದವರಿಗೆ ತಿಳಿದಂತೆ, ಮುಂಗೋಳಿ ಕೂಗುವುದು ಹೊತ್ತು ತಪ್ಪಿಯಲ್ಲ. ಕತ್ತಲಿರುವಾಗಲೇ ಕೂಗುವುದು ಅದರ ಹೊತ್ತು. ಬೇಸಾಯದ ಮನೆಯವರು ಏಳುತ್ತಿದ್ದುದೂ ಆ ಕೂಗಿಗೇ. ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದ್ದು 1911ರಲ್ಲಿ, ಅವರ ‘ಇಂಗ್ಲಿಷ್ ಗೀತಗಳು’ ಬಂದದ್ದು 1926ರಲ್ಲಿ. ತಿಳಿಯದ ಭಾಷೆಯ ಬಿಗಿಯಿಂದ ಕಾವ್ಯವನ್ನು ಬಿಡಿಸಬೇಕೆಂಬ ವಾದ ಮನೋರಮೆಯ ಬಾಯಲ್ಲಿ ಅದಕ್ಕಿಂತ ಒಂದು ದಶಕ ಮೊದಲೇ ಬಂದಿತ್ತು. ವಿಪರ್ಯಾಸವೆಂದರೆ, ಅವಳು ಅದನ್ನು ಹೇಳಿದ್ದು ಹಳಗನ್ನಡದಲ್ಲಿ.

ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 1942ರಲ್ಲಿ ಸ್ಥಾಪಿತವಾದುದು, 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾದುದು, ಅದರ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರವೂ ಅನಂತರ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವೂ ರೂಪುಗೊಂಡುದು ಈ ಪ್ರದೇಶದ ಬರಹಗಾರರ ಮತ್ತು ಕಲಾವಿದರ ಸ್ಥಿತಿಯನ್ನು ಬದಲಾಯಿಸಿವೆ. ಇಂದಿನ ಲೇಖಕನಿಗೆ ಮೈಸೂರಿನ ಸಂಪಾದಕರ ಮುಂದೆ ಪ್ರಾಚೀನನಾಗಿ ನಿಲ್ಲುವ ಅಗತ್ಯವಿಲ್ಲ. ಕೇಂದ್ರಗಳು ಮುದ್ದಣನ ಗದ್ಯದ ಜೊತೆಗೆ ಅವನ ಪ್ರಸಂಗಗಳನ್ನೂ ಒಟ್ಟಿಗೆ ಇಟ್ಟುಕೊಂಡು ಅಧ್ಯಯನ ನಡೆಸುವುದು ಈಗ ಆಗಬೇಕಾದ ಕೆಲಸ. ಸಾಹಿತ್ಯ ವಿಭಾಗಗಳು ‘ರಾಮಾಶ್ವಮೇಧ’ವನ್ನು ಓದುತ್ತವೆ, ಮೇಳಗಳೂ ಸಂಘಗಳೂ ‘ಕುಮಾರವಿಜಯ’ವನ್ನು ಬಲ್ಲವು, ಒಂದೇ ಕೈಯ ಈ ಎರಡು ಬರಹಗಳನ್ನು ಸಾಲಿಗೆ ಸಾಲು ಹೋಲಿಸಿ, ಪದ್ಯ ನಿಲ್ಲುವೆಡೆಯೂ ಮನೋರಮೆ ಮಾತೆತ್ತುವೆಡೆಯೂ ಎಷ್ಟರಮಟ್ಟಿಗೆ ಒಂದೇ ಲಯದವೆಂದು ಗುರುತಿಸಬೇಕಾಗಿದೆ. ತಾಳಮದ್ದಳೆಯ ಮಳೆಗಾಲದ ಕೂಟವೊಂದರಲ್ಲಿ ‘ಕುಮಾರವಿಜಯ’ದ ಪದ್ಯವನ್ನು ಭಾಗವತರು ಎತ್ತಿಕೊಂಡಾಗ ಅರ್ಥಧಾರಿಯು ಕಾಯುವ ಅರೆಕ್ಷಣದಲ್ಲಿ ಆ ಲಯ ಇಂದಿಗೂ ಕೇಳಿಸುತ್ತದೆ.